ಅಕ್ಕನ ನೀಲಿ ಗೌನು

ಸಂಗೀತದ ಟೀಚರ್ ಅಂಗಡಿಯ ಮೆಟ್ಟಿಲು ಹತ್ತಿ ಬಂದಾಗ ದರ್ಜಿಯ ಕಣ್ಣು ಮೊದಲು ಹೋದದ್ದು ಅವರು ತೊಟ್ಟಿದ್ದ ನೀಲಿ ಗೌನಿನ ಮೇಲೆ. ಅದು ದರ್ಜಿಯ ಅಕ್ಕನದು. ಅಕ್ಕ ಬಸುರಿಯಾಗಿದ್ದಾಗ ಇವಳೇ ಹೊಲಿದುಕೊಟ್ಟಿದ್ದಳು. ಈಚೆಗೆ ಅಕ್ಕನೇ ಅದನ್ನು ತಂದು, ನಮ್ಮ ಶಾಲೆಯವರೊಬ್ಬರಿಗೆ ಬೇಕಂತೆ ಪುಟ್ಟಿ, ಸ್ವಲ್ಪ ಸಡಿಲ ಮಾಡಿಕೊಡು ಎಂದಿದ್ದಳು. ಪಕ್ಕದ ಹೊಲಿಗೆಯಲ್ಲಿ ಧಾರಾಳವಾಗಿ ಬಟ್ಟೆ ಮಡಚಿಟ್ಟು ಹೊಲಿಯುವುದು ಇವಳ ಪದ್ಧತಿಯಾದ್ದರಿಂದ ಅದೇನೂ ಕಷ್ಟವಾಗಿರಲಿಲ್ಲ.

ಮತ್ತೆ ಬಿಗಿಯಾಗುತ್ತಿದೆ ಎಂದು ಟೀಚರ್ ನಾಚಿಕೊಂಡು ನಕ್ಕರು. ಸ್ಟೂಲು ಕೊಟ್ಟರೆ ತಾವು ಕೂರದೆ, ಬೆಳಗಿನಿಂದ ಮೆಷಿನ್ ತುಳಿದ ಕಾಲು ನಿಮ್ಮದು ಎಂದು ಅದನ್ನು ದರ್ಜಿಯತ್ತಲೇ ಸರಿಸಿದರು. ತುಂಬಿದ ಬಸುರಿ ತನ್ನ ಕಾಲನ್ನು ನೆನೆದದ್ದು ಅವಳಿಗೆ ಹಿತವೆನಿಸಿತು. ಗುಂಡುಸೂಜಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಅಳತೆಗೆ ಬಗ್ಗಿದಳು.

ಟೀಚರ್ ಅವಳ ಕೈ ಹಿಡಿದುಕೊಂಡರು.

"ನಿಮ್ಮಕ್ಕ ಹೇಳ್ಬೇಡಿ ಅಂದಿದ್ರು. ಆದ್ರೆ ಹೇಳದೆ ಊರು ಬಿಡೋಕೆ ಮನಸ್ಸು ಒಪ್ಪಲಿಲ್ಲ. ಅವರ ಭ್ರೂಣ ನಿಮಗೆ ಅಂತ ಇಟ್ಟಿದ್ದಂತೆ. ನೀವೇ ಬೇಡ ಅಂತ ನಮಗೆ ಬಿಟ್ಟುಕೊಟ್ರಂತೆ. ಈ ಮಗು ನಿಮ್ಮ ಪುಣ್ಯ ಕಣ್ರೀ."

ಬಾಯಲ್ಲಿದ್ದ ಸೂಜಿಗಳೇ ಅವಳ ಮಾನ ಉಳಿಸಿದವು.

ಅಕ್ಕನಿಗೆ ಚಿಕಿತ್ಸೆಯಿಂದ ಮಗಳು ಹುಟ್ಟಿದ ಮೇಲೆ, ಅಕ್ಕ ಭಾವನವರ ಎರಡು ಭ್ರೂಣಗಳು ಆಸ್ಪತ್ರೆಯಲ್ಲಿ ಹೆಪ್ಪುಗಟ್ಟಿಸಿಟ್ಟ ಹಾಗೇ ಉಳಿದಿದ್ದವು. ನನಗಿನ್ನು ಸಾಕು, ಇವು ನಿನಗೇ ಎಂದು ಅಕ್ಕ ತಾನಾಗಿ ಮಾತು ಕೊಟ್ಟಿದ್ದಳು. ಮಕ್ಕಳಿಲ್ಲದ ಇವಳು ಇಂಜೆಕ್ಷನ್ ಚುಚ್ಚಿಸಿಕೊಂಡಳು. ಬಸ್ ಓಡಿಸುವ ಗಂಡ ಪಾಳಿ ಬದಲಿಸಿಕೊಂಡು ಜೊತೆಗೆ ಬಂದ. ಓದಿದವಳೆಂದು ಡಾಕ್ಟರ ಹತ್ತಿರ ಮಾತೆಲ್ಲ ಅಕ್ಕನದೇ. ಒಂದು ದಿನ ಅಕ್ಕ ಕಣ್ಣು ಕೆಂಪಗೆ ಮಾಡಿಕೊಂಡು ಬಂದು, ಕರಗಿಸುವಾಗ ಎರಡೂ ಉಳಿಯಲಿಲ್ಲವಂತೆ ಎಂದಳು. ಅವಳನ್ನು ತಬ್ಬಿ ಸಮಾಧಾನ ಮಾಡಿದವಳು ಇವಳೇ.

ಟೀಚರ್ ಅವಳ ಮುಖವನ್ನೇ ನೋಡುತ್ತಿದ್ದರು. ನಿಜ ಹೇಳಿದರೆ ಅದನ್ನೂ ಹೊಟ್ಟೆಯಲ್ಲಿಟ್ಟುಕೊಂಡೇ ಅವರು ಊರು ಬಿಡಬೇಕಿತ್ತು. ದರ್ಜಿ ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದಳು.

"ಚೆನ್ನಾಗಿ ಊಟ ಮಾಡಿ, ಟೀಚರ್. ಒಳಗಿನ್ನೂ ಬಟ್ಟೆ ಇದೆ, ಬೇಕಾದಷ್ಟು ಸಡಿಲ ಮಾಡ್ಕೊಡ್ತೀನಿ."

ಸಂಜೆ ಅಕ್ಕ ಮಗಳ ಯೂನಿಫಾರ್ಮಿನ ಲಂಗ ಹಿಡಿದು ಬಂದಳು. ಅಂಚು ಬಿಚ್ಚಿ ಉದ್ದ ಮಾಡಬೇಕಿತ್ತು. ಟೀಚರ್ ಬಂದು ಕೈ ಹಿಡಿದು ಎಲ್ಲ ಹೇಳಿ ಹೋದರು ಎಂದು ಇವಳು ಹೇಳಿದಾಗ ಅಕ್ಕ ಸ್ಟೂಲು ಎಳೆದುಕೊಂಡು ಕೂತಳು.

"ನಿನ್ನ ಮನೇಲಿ ಬೆಳೆದ್ರೆ ದಿನಾ ನೋಡ್ಬೇಕಿತ್ತು ಕಣೆ. ನನ್ನ ಮಗಳ ಮುಖಾನೇ ಇಟ್ಕೊಂಡು ನಿನ್ನನ್ನ ಅಮ್ಮಾ ಅನ್ನೋದನ್ನ ನೋಡೋಕೆ ನನ್ನ ಕೈಲಾಗ್ತಿರಲಿಲ್ಲ. ಟೀಚರಿಗಾದ್ರೆ ಬೇರೆ ಊರಿಗೆ ವರ್ಗ ಆಗೋದು ಮೊದಲೇ ಗೊತ್ತಿತ್ತು. ಕಣ್ಣಿಂದ ದೂರ."

"ಅದನ್ನೇ ಹೇಳಿದ್ರೆ ಅತ್ತು ಸುಮ್ಮನಾಗ್ತಿದ್ದೆ. ಗೌನಿನ ಹೊಲಿಗೇನೂ ನನ್ನ ಕೈಲೇ ಬಿಚ್ಚಿಸಬೇಕಿತ್ತಾ?"

"ಬಟ್ಟೆ ಅಂದ್ರೆ ನೀನೇ ಅಲ್ವಾ ಪುಟ್ಟಿ? ಬೇರೆಯವರ ಹತ್ರ ಯಾವತ್ತು ಹೋಗಿದೀನಿ?"

ಅಕ್ಕ ನಿಜವಾಗಿಯೂ ಅದಕ್ಕಿಂತ ಹೆಚ್ಚು ಯೋಚಿಸಿರಲಿಲ್ಲ. ಇವಳಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಅದೇ.

ಮಗು ಬೆಳಗ್ಗೆ ಶಾಲೆಗೆ ಹೋಗಬೇಕಲ್ಲ ಎಂದು ಲಂಗದ ಅಂಚು ಬಿಚ್ಚಿ, ಹೊಲಿದು, ಇಸ್ತ್ರಿ ಮಾಡಿ ಕೊಟ್ಟಳು. ಇನ್ನು ಮುಂದೆ ಬೇರೆ ಕಡೆ ಹೊಲಿಸಿಕೊಳ್ಳಲು ಹೇಳಿದಳು.

"ಚಿಕ್ಕಮ್ಮ ಯಾಕೆ ಹೊಲಿಯಲ್ಲ ಅಂತ ಮಗು ಕೇಳಿದ್ರೆ ಏನು ಹೇಳ್ಲಿ?"

"ಚಿಕ್ಕಮ್ಮನೇ ಬೇಡ ಅಂದ್ಲು ಅನ್ನು," ಎಂದಳು ದರ್ಜಿ, ಮೆಷಿನ್ನಿಗೆ ಹೊದಿಕೆ ಎಳೆಯುತ್ತ. "ನೀನು ಹೇಳಿದ್ರೆ ಎಲ್ಲರೂ ನಂಬ್ತಾರೆ."