ಹದಿಮೂರು ಸುತ್ತು

ರೇನೊ ಕಂಗಾಸ್ ತನ್ನ ತಪ್ಪನ್ನು ಒಪ್ಪಿಕೊಂಡು ನಾಲ್ಕು ತಿಂಗಳಾಗಿತ್ತು. ಅದು ತಪ್ಪೆಂದು ನಂಬುವವರು ಮಾತ್ರ ಒಬ್ಬರೂ ಸಿಕ್ಕಿರಲಿಲ್ಲ.

ತಪ್ಪಿಗೆ ಇಪ್ಪತ್ತಾರು ವರ್ಷ ವಯಸ್ಸು. ಟೆಲಿಫೋನ್ ಕಂಪನಿಯಲ್ಲಿ ಕಂಬ ಹತ್ತುತ್ತಿದ್ದ ಕಾಲದಲ್ಲೇ ಅವನು ಹವ್ಯಾಸಿ ರೇಡಿಯೊದವರಿಗಾಗಿ ಒಂದು ವೆಬ್‌ಸೈಟು ಕಟ್ಟಿದ್ದ. ಬೂದು ಹಿನ್ನೆಲೆ, ನೀಲಿ ಅಕ್ಷರ, ಒಂದೂ ಜಾಹೀರಾತಿಲ್ಲ. ಅಲ್ಲಿಗೆ ಜನ ಹುಡುಕಿಕೊಂಡು ಬರುತ್ತಿದ್ದದ್ದು ಒಂದು ಕೋಷ್ಟಕಕ್ಕಾಗಿ. ಜಾಗ ಸಾಲದವರು ಗಿಡ್ಡ ಆಂಟೆನಾ ನಿಲ್ಲಿಸುವುದಾದರೆ ಅದರ ನಡುವೆ ತಾಮ್ರದ ತಂತಿಯ ಸುರುಳಿಯೊಂದು ಬೇಕು. ಅದಕ್ಕೆ ಎಷ್ಟು ಸುತ್ತು ಎಂಬುದು ಕೋಷ್ಟಕದ ಲೆಕ್ಕ. ಎರಡಿಂಚು ದಪ್ಪದ ಮೇಪಲ್ ಮರದ ಕೋಲನ್ನು ತಾನೇ ಕಡೆದು, ಅರವತ್ತು ಸುತ್ತು ಸುತ್ತಿ, ಅದು ಸರಿಯಾಗಿ ದುಡಿದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಬರೆದದ್ದು. ಬರೆದು ಮುಗಿಸಿದ ಹುರುಪಿನಲ್ಲಿ ಇನ್ನೊಂದು ಸಾಲು ಸೇರಿಸಿದ್ದ: ಮರ ಸಿಗದಿದ್ದರೆ ಎರಡಿಂಚಿನ ಪ್ಲಾಸ್ಟಿಕ್ ಪೈಪೂ ಆದೀತು.

ಅಂಗಡಿಯವರು ಎರಡಿಂಚು ಎನ್ನುವ ಪೈಪು ಹೊರಗಿನಿಂದ ಅಳೆದರೆ ಎರಡೂಕಾಲು ಇಂಚಿಗೂ ಮಿಗಿಲು. ಈ ಫೆಬ್ರವರಿಯಲ್ಲಿ ನೆಲಮಾಳಿಗೆಯಲ್ಲಿ ಬೇರೆ ಯಾವುದಕ್ಕೋ ಪೈಪೊಂದನ್ನು ಅಳೆಯುವಾಗ ಅದು ಅವನ ಗಮನಕ್ಕೆ ಬಂತು. ದಪ್ಪ ಹೆಚ್ಚಿದರೆ ಸುತ್ತು ಕಡಿಮೆ ಸಾಕು. ಮತ್ತೆ ಲೆಕ್ಕ ಹಾಕಿದ. ಅರವತ್ತಲ್ಲ, ನಲವತ್ತೇಳು. ಅವನು ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಮೇಪಲ್ ಕಡೆಯುವ ತಾಳ್ಮೆ ಯಾರಿಗಿದೆ? ಲೋಕವೆಲ್ಲ ಪೈಪಿನ ಮೇಲೆಯೇ ಸುತ್ತಿತ್ತು.

ಹಾಗಿದ್ದೂ ಇಷ್ಟು ವರ್ಷ ಒಬ್ಬನೂ ಬೈದಿರಲಿಲ್ಲ. ಅರವತ್ತು ಸುತ್ತಿದವರು ಆಂಟೆನಾ ತರಂಗಕ್ಕೆ ಹೊಂದಿಕೊಳ್ಳದಿದ್ದಾಗ ಒಂದೊಂದೇ ಸುತ್ತು ಬಿಚ್ಚಿ, ಹದಿಮೂರು ಬಿಚ್ಚುವ ಹೊತ್ತಿಗೆ ಸರಿಹೋಯಿತೆಂದು ನಿಟ್ಟುಸಿರು ಬಿಟ್ಟಿದ್ದರು. ಬರಬರುತ್ತ ಹದಿಮೂರು ತೆಗೆಯುವುದೇ ಸಂಪ್ರದಾಯವಾಯಿತು. ಗಾಳಿಯ ತೇವಕ್ಕೆ ಎಂದರು ಕೆಲವರು, ಹೊಸ ತಾಮ್ರದ ಗುಣವೇ ಹಾಗೆ ಎಂದರು ಕೆಲವರು. ಊರಿನ ರೇಡಿಯೊ ಕ್ಲಬ್ಬಿನ ಅಧ್ಯಕ್ಷ ಡೇಲ್ ಹಾಕಿಂಗ್ ಅದನ್ನು ಸೈತಾನನ ಪಾಲು ಎಂದು ಕರೆದು ನಗಿಸುತ್ತಿದ್ದ. ಆ ನಗೆಯಲ್ಲಿ ರೇನೊ ಕೂಡ ಸೇರುತ್ತಿದ್ದ. ಮನಸ್ಸಿನೊಳಗೆ, ಈ ಜನರ ಕೈಗೆ ಶ್ರದ್ಧೆಯಿಲ್ಲ ಅಂದುಕೊಳ್ಳುತ್ತಿದ್ದ. ಈಗ ಚುಚ್ಚುತ್ತಿದ್ದದ್ದು ಅದೇ.

ಅವನು ಕೋಷ್ಟಕ ತಿದ್ದಿದ. ಮೇಲೆ ನಾಲ್ಕು ಸಾಲು ಬರೆದ: ಪೈಪನ್ನು ಅಳೆಯದೆ ಬರೆದೆ, ತಪ್ಪು ನನ್ನದು, ಕ್ಷಮಿಸಿ. ಭಾನುವಾರ ಚರ್ಚಿನಲ್ಲಿ ಎಲ್ಲರ ಜೊತೆ ನಿಂತು ಪಾಪ ಒಪ್ಪಿಕೊಂಡರೆ ಒಂದು ನಿಮಿಷದೊಳಗೆ ಕ್ಷಮೆ ಸಿಗುತ್ತದೆ. ಇಲ್ಲಿ ಸಿಕ್ಕಿದ್ದು ದೂರು. ಒಹಾಯೊದವನೊಬ್ಬ ನಲವತ್ತೇಳು ಸುತ್ತಿ, ಅದರಲ್ಲಿ ಹದಿಮೂರು ತೆಗೆದು, ಏನೂ ಕೆಲಸ ಮಾಡುತ್ತಿಲ್ಲವೆಂದು ಬರೆದ. ಮ್ಯಾನಿಟೋಬಾದವನೊಬ್ಬ ಬೇರೊಂದು ವೆಬ್‌ಸೈಟಿನಿಂದ ಅರವತ್ತರ ಕೋಷ್ಟಕ ಕಳಿಸಿ, ಬಲ್ಲವರು ಬರೆದದ್ದನ್ನು ನೋಡಿ ಕಲಿ ಎಂದ. ಅದು ರೇನೊನದೇ ಹಳೆಯ ಕೋಷ್ಟಕ; ಹೆಸರು ಮಾತ್ರ ಉದುರಿತ್ತು. ಏನನ್ನೂ ತೆಗೆಯಬೇಡಿ ಎಂದು ರೇನೊ ಕೆಂಪಕ್ಷರದಲ್ಲಿ ಹಾಕಿದ. ದೂರು ನಿಲ್ಲಲಿಲ್ಲ.

"ತಪ್ಪಿದ್ದಷ್ಟು ದಿನ ಮನೇಲಿ ನೆಮ್ಮದಿ ಇತ್ತು," ಎಂದಳು ಹೆಂಡತಿ ಲೆಂಪಿ. "ಸರಿ ಮಾಡೋಕೆ ಹೋದೆ, ಅನುಭವಿಸು."

ಒಬ್ಬನಾದರೂ ಒಪ್ಪಲಿ, ಅಷ್ಟು ಸಾಕು ಎನಿಸಿತು ರೇನೊಗೆ. ಆ ಒಬ್ಬ ಡೇಲ್ ಆಗಬೇಕು. ಊರಿನ ಪಕ್ಕದ ಸರೋವರದ ಈ ದಡದಲ್ಲೆಲ್ಲ ರೇಡಿಯೊದವರು ಕೇಳುವುದು ಅವನ ಮಾತು. ಕ್ಲಬ್ಬಿನ ವೆಬ್‌ಸೈಟು ಬರೆಯುವವನೂ ಅವನೇ.

ಜೂನ್ ಕೊನೆಯಲ್ಲಿ ಫೀಲ್ಡ್ ಡೇ ಬಂತು. ದೇಶದ ರೇಡಿಯೊದವರೆಲ್ಲ ತಂತಮ್ಮ ಊರಿನ ಬಯಲಿಗೆ ಬಂದು ಇಡೀ ದಿನ ರೇಡಿಯೊದಲ್ಲಿ ಪರಸ್ಪರ ಮಾತಾಡುವ ಹಬ್ಬ. ಶುರುವಾಗಲು ಒಂದು ಗಂಟೆಯಿದ್ದಾಗ ರೇನೊ ಕ್ಲಬ್ಬಿನವರ ಬಯಲಿಗೆ ಹೋಗಿ ನೋಡಿದರೆ, ಡೇಲ್ ಆಂಟೆನಾದ ಬುಡದಲ್ಲಿ ಅಳೆಯುವ ಯಂತ್ರ ಹಿಡಿದು ಮುಖ ಗಂಟಿಕ್ಕಿಕೊಂಡು ಕೂತಿದ್ದ.

"ಗುರುಗಳೇ, ನಿಮ್ಮ ಹೊಸ ಲೆಕ್ಕ ಕೈಕೊಡ್ತು. ಹಳೇದೇ ಚೆನ್ನಾಗಿತ್ತು."

"ಎಷ್ಟು ಸುತ್ತಿದೆ?"

"ನಲವತ್ತೇಳು. ನೀವು ಬರೆದಷ್ಟೇ."

"ತೆಗೆದದ್ದೆಷ್ಟು?"

"ಹದಿಮೂರು. ಅದನ್ನೂ ಕೇಳ್ತಾರಾ ಯಾರಾದ್ರೂ?"

ರೇನೊ ಡೇಲ್‌ನ ಟ್ರಕ್ಕಿನಿಂದ ಉಳಿದ ತಂತಿಯ ಉಂಡೆ ತರಿಸಿ, ಹಳೆಯ ಸುತ್ತು ಬಿಚ್ಚಿದ ಪೈಪನ್ನು ಡೇಲ್ ಕೈಗೇ ಕೊಟ್ಟು ತಿರುಗಿಸಲು ಹೇಳಿದ. ತಾನು ತಂತಿ ಬಿಗಿಹಿಡಿದು, ಮಗ್ಗಿ ಒಪ್ಪಿಸುವವನಂತೆ ಒಂದೊಂದು ಸುತ್ತನ್ನೂ ಎಲ್ಲರಿಗೂ ಕೇಳುವ ಹಾಗೆ ಎಣಿಸಿದ. ನಲವತ್ತೇಳಕ್ಕೆ ನಿಲ್ಲಿಸಿ ತುದಿ ಬೆಸುಗೆ ಹಾಕಿದ. ಡೇಲ್ ಅಭ್ಯಾಸಬಲದಿಂದ ಕತ್ತರಿಗೆ ಕೈ ಹಾಕಿದಾಗ ಅದನ್ನು ಕಿತ್ತುಕೊಂಡು ತನ್ನ ಜೇಬಿಗೆ ಸೇರಿಸಿದ.

ಸುರುಳಿ ಏರಿಸಿದರು. ಯಂತ್ರದ ಮುಳ್ಳು ಇರಬೇಕಾದಲ್ಲೇ ನಿಂತಿತು. ಎರಡು ಗಂಟೆಗೆ ಕರೆದ ಮೊದಲ ಕರೆಗೇ ದೂರದ ಮಾರ್ಕೆಟ್ ಎಂಬ ಊರಿನ ಹೆಂಗಸೊಬ್ಬಳು ಪಕ್ಕದಲ್ಲೇ ಕೂತಷ್ಟು ಸ್ಪಷ್ಟವಾಗಿ ಉತ್ತರಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ರೇನೊ ಡೇಲ್‌ನ ಮುಖ ನೋಡುತ್ತ ಕಾದ. ಡೇಲ್ ಆಕಾಶ ನೋಡಿದ.

"ಈ ವರ್ಷ ಮಳೆ ಕಮ್ಮಿ," ಎಂದ ನಿಧಾನವಾಗಿ. "ಗಾಳೀಲಿ ತೇವ ಇಲ್ಲ. ಅದಕ್ಕೇ ತೆಗೆಯೋ ಪ್ರಮೇಯ ಬರ್ಲಿಲ್ಲ."

"ಪೈಪು ದಪ್ಪ ಕಣಪ್ಪ ಡೇಲ್. ನಾನು ತಪ್ಪು ಬರೆದಿದ್ದೆ."

"ನೀವು ತಪ್ಪು ಬರೀತೀರಾ? ನಿಮ್ಮ ಲೆಕ್ಕ ನಂಬ್ಕೊಂಡು ಇಪ್ಪತ್ತು ಆಂಟೆನಾ ನಿಲ್ಸಿದೀನಿ. ದೊಡ್ಡವರು ಹೀಗೆ ತಮ್ಮನ್ನೇ ಹಳ್ಕೋಬಾರ್ದು. ಪ್ಯಾಸ್ಟಿ ತಿನ್ನಿ, ಆರಿಹೋಗುತ್ತೆ."

ಭಾನುವಾರ ಸಂಜೆಯೊಳಗೆ ಕ್ಲಬ್ಬಿನ ವೆಬ್‌ಸೈಟಿನಲ್ಲಿ ಹೊಸ ಸೂಚನೆ ಬಂದಿತ್ತು: ಒಣ ಹವೆಯಲ್ಲಿ ಏನೂ ತೆಗೆಯಬೇಡಿ, ತೇವವಿದ್ದರೆ ಹದಿಮೂರು. ಕೆಳಗೆ, ಇದನ್ನು ಪ್ರಯೋಗದಿಂದ ತೋರಿಸಿಕೊಟ್ಟವರು ರೇನೊ ಕಂಗಾಸ್ ಎಂದು ದಪ್ಪ ಅಕ್ಷರದ ಕೃತಜ್ಞತೆ.

ಮಂಗಳವಾರ ವರ್ಮಾಂಟಿನ ಅಪರಿಚಿತನೊಬ್ಬನ ಪತ್ರ ಬಂತು. ತೇವ ಎಂದರೆ ಶೇಕಡಾ ಎಷ್ಟು, ಅರವತ್ತೈದರಲ್ಲಿ ತೆಗೆಯಬೇಕೋ ಬೇಡವೋ ಎಂದು ವಿನಯದಿಂದ ಕೇಳಿದ್ದ. ರೇನೊ ತೇವದ ಮಾತೇ ಎತ್ತದೆ ಒಂದೇ ಸಾಲು ಬರೆದ: ದಯವಿಟ್ಟು ನಿಮ್ಮ ಪೈಪಿನ ದಪ್ಪವನ್ನು ಅಳೆದು, ಎಷ್ಟಿದೆ ಎಂದು ನನಗೆ ತಿಳಿಸಿ.

ಲೆಂಪಿ ಊಟಕ್ಕೆ ಕರೆದಳು. ಬಂದೆ ಎಂದ, ಏಳಲಿಲ್ಲ. ಹತ್ತು ನಿಮಿಷಕ್ಕೆ ಉತ್ತರ ಬಂತು.

"ಅಳೆಯುವ ಅಗತ್ಯವಿಲ್ಲ ಸಾರ್. ಪೈಪಿನ ಮೇಲೆಯೇ ಅಚ್ಚು ಹಾಕಿದ್ದಾರೆ, ಎರಡಿಂಚು ಅಂತ."