ಕಣ್ಣು ಹಳದಿಯಾದಾಗ

ಏಳು ವರ್ಷದ ಜಂಬಮ್ಮ ಮೊಣಕಾಲು ಹಿಡಿದುಕೊಂಡು ಒಂದೇ ಸಮನೆ ನರಳುತ್ತಿದ್ದಳು. ಮೈ ಕೆಂಡ. ಕಣ್ಣು ಅರಿಸಿನ ಹಚ್ಚಿದಂತಾಗಿತ್ತು. ಸಿರಿಗೇರಿಯ ಆ ಮನೆಯಲ್ಲಿ ಅಜ್ಜಿ ಸುಂಕಮ್ಮ ಇಕ್ಕಳದಲ್ಲಿ ಬಳೆಚೂರು ಹಿಡಿದು ಒಲೆಯಲ್ಲಿ ಕಾಯಿಸುತ್ತಿದ್ದಳು. ಕಾಮಾಲೆಗೆ ಮುಂಗೈ ಮೇಲೆ ಬರೆ ಹಾಕುವುದು ಅವರ ರೂಢಿ. ಜ್ವರದಲ್ಲಿ ನೀರು ಕೊಡಬಾರದು ಎನ್ನುವುದೂ ರೂಢಿಯೇ.

ತಾಯಿ ಕೊಟ್ರಮ್ಮ ಕಾಯುತ್ತಿದ್ದ ಆ ಬಳೆಚೂರನ್ನೇ ನೋಡುತ್ತಿದ್ದಳು. ಮೊದಲ ಮಗಳಿಗೂ ಹೀಗೇ ಕೀಲುನೋವು, ಹೀಗೇ ಹಳದಿ ಕಣ್ಣು. ಬರೆ ಹಾಕಿದ ಮೂರನೇ ದಿನ ಆ ಮಗು "ನೀರು, ನೀರು" ಅನ್ನುತ್ತಲೇ ಹೋಗಿಬಿಟ್ಟಿತ್ತು. ಅಂದು ಸುಮ್ಮನಿದ್ದ ಕೊಟ್ರಮ್ಮ ಇಂದು ಬೀದಿಗೆ ಓಡಿ, ಮಕ್ಕಳಿಗೆ ಸೂಜಿ ಹಾಕಲು ಬಂದಿದ್ದ ನರ್ಸ್ ವಿರೂಪಮ್ಮನನ್ನು ಕೈಹಿಡಿದು ಎಳೆದು ತಂದಳು.

"ಬರಿ ಹಾಕಬ್ಯಾಡ್ರಿ ಅಮ್ಮಾ! ಮೊದಲು ನೀರು ಕುಡಸ್ರಿ," ಎಂದಳು ವಿರೂಪಮ್ಮ.

"ನಿನ್ನೆ ಮೊನ್ನೆ ಹುಟ್ಟಿದಾಕಿ, ನೀನೇನು ಹೇಳ್ತೀಯವ್ವಾ? ನಾ ಎಷ್ಟು ಕಾಮಾಲಿ ನೋಡೀನಿ!"

"ಕಣ್ಣು ಹಳದಿ ಆದದ್ದೆಲ್ಲಾ ಕಾಮಾಲಿ ಅಲ್ರಿ. ರಕ್ತ ತೋರಸ್ಬೇಕು. ಬಳ್ಳಾರಿಗಿ ಹನ್ನೊಂದರ ಬಸ್ಸು ಐತಿ, ಏಳ್ರಿ."

"ಆಸ್ಪತ್ರಿಗಿ ಹೋದೋರು ತಿರುಗಿ ಬರಂಗಿಲ್ಲ."

"ಅತ್ತೀ, ಮೊದಲ್ನೇದು ಮನಿಯಾಗ ಇತ್ತಲ್ಲ, ಉಳೀತೇನು?"

ಕೊಟ್ರಮ್ಮ ಅತ್ತೆಗೆ ಎದುರಾಡಿದ್ದು ಅದೇ ಮೊದಲು. ಆಡಿದವಳೇ ಮಗಳನ್ನು ಎತ್ತಿಕೊಂಡಳು. ಮುದುಕಿಯ ಕೈಯಿಂದ ಇಕ್ಕಳ ಜಾರಿತು.

ಬಸ್ಸಿಗೆ ವಿರೂಪಮ್ಮನ ಜೊತೆ ಸುಂಕಮ್ಮನೂ ಹತ್ತಿದಳು. ಬಳ್ಳಾರಿಯ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯಾಯಿತು. ಅದು ಕುಡಗೋಲು ಕಣದ ರೋಗ, ಅಂದರೆ ಸಿಕಲ್ ಸೆಲ್. ಸಲೈನ್ ಏರಿಸಿ, ನೋವಿಗೆ ಔಷಧಿ ಕೊಟ್ಟ ಮೇಲೆ ಜಂಬಮ್ಮ ಕಣ್ಣು ಮುಚ್ಚಿದಳು. ಕೊಟ್ರಮ್ಮ ಬೆಚ್ಚಿ ಅವಳ ಮೂಗಿನ ಬಳಿ ಬೆರಳಿಟ್ಟು ನೋಡಿದಳು. ಉಸಿರಿತ್ತು.

ವಿರೂಪಮ್ಮ ಬಿಡಿಸಿ ಹೇಳಿದಳು: "ರಕ್ತದ ಕೆಂಪು ಕಣ ದುಂಡಗ ಇರ್ಬೇಕ್ರಿ. ಇಕಿವು ಕುಡಗೋಲಿನಂಗ ಬಾಗಿ ಸಣ್ಣ ನರದಾಗ ಸಿಕ್ಕಂತಾವ. ಅದಕ್ಕ ನೋವು. ಕಣ ಕೆಡದಂಗ ಕಾಯಾಕ ರಕ್ತದಾಗ ಕಿಣ್ವ ಅಂತ ಇರ್ತಾವ, ಕಾವಲುಗಾರ್ರು ಇದ್ದಂಗ. ಈ ರೋಗದಾಗ ಅವು ಸೋಲ್ತಾವ. ಕಣ ಬ್ಯಾಗ ಒಡೀತಾವ, ಕಣ್ಣು ಹಳದಿ ಆಗ್ತಾವ."

"ಅವೂ ನಮ್ಮ ಗದ್ದಿ ಕಾಯೋ ಹೊನ್ನೂರಪ್ಪನಂಗ ಗೊರಕಿ ಹೊಡೀತಾವೇನು?" ಎಂದಳು ಸುಂಕಮ್ಮ.

"ನಿದ್ದಿ ಅಲ್ರಿ, ಕಣ ಕೆಡಿಸೋ ವಿಷ ಅನ್ನೋ ಕಳ್ಳರು ಜಾಸ್ತಿ ಆಗ್ಯಾರ. ಮೈಯಾಗ ನೀರು ಕಮ್ಮಿ ಆದ್ರ, ಥಂಡಿ ಹತ್ತಿದ್ರ, ಜ್ವರ ಬಂದ್ರ ಕಣ ಇನ್ನೂ ಬಾಗ್ತಾವ."

ಸುಂಕಮ್ಮ ಮೊಮ್ಮಗಳ ಹೊದಿಕೆ ಸರಿಮಾಡಿದಳು. ಆಮೇಲೆ ಕೇಳಿದಳು: "ಹಂಗಾರ ಮೊದಲ್ನೇ ಕೂಸಿಗಿ ನೀರು ತಪ್ಪಿಸಿದಾಕಿ ನಾನ ಅಲ್ಲೇನು?"

ವಿರೂಪಮ್ಮ ಅವಳ ಪಕ್ಕ ಕುಳಿತಳು. "ಆವಾಗ ನಿಮಗ ಗೊತ್ತಿರಲಿಲ್ಲ. ಇದು ತಾಯಿ ತಂದಿ ಇಬ್ಬರ ಕಡಿಯಿಂದ್ಲೂ ಬರ್ತೈತ್ರಿ, ಅವರ ರಕ್ತಾನೂ ನೋಡ್ಬೇಕು. ಪೂರಾ ವಾಸಿ ಆಗಂಗಿಲ್ಲ. ಆದ್ರ ಹುಷಾರಿಲೆ ಸಾಕಬಹುದು."

"ಇಕಿ ಅಪ್ಪ, ನನ್ನ ಮಗ, ಹೆದರುಪುಕ್ಕಲ, ಸೂಜಿ ಅಂದ್ರ ಓಡ್ತಾನ," ಎನ್ನುತ್ತ ಸುಂಕಮ್ಮ ಎದ್ದಳು. "ನಾನ ಹೋಗಿ ಎಳಕೊಂಡು ಬರ್ತೀನಿ."

ತಾಯಂದಿರೇ, ಅಜ್ಜಿಯರೇ, ಮಗುವಿಗೆ ಮೇಲಿಂದ ಮೇಲೆ ಕೀಲುನೋವು ಬಂದು ಕಣ್ಣು ಹಳದಿಯಾದರೆ ಬರೆ ಹಾಕಬೇಡಿ, ನೀರು ನಿಲ್ಲಿಸಬೇಡಿ. ಹೆದರಿಕೆಯಾಗುತ್ತದೆ, ನಿಜ. ಆ ಹೆದರಿಕೆಯನ್ನು ಹೊತ್ತುಕೊಂಡೇ ರಕ್ತ ಪರೀಕ್ಷೆಗೆ ಹೋಗಿ. ಇಂದೇ ಹೋಗಿ.