ಶನಿವಾರದ ಬ್ಯಾಟರಿ

ಯಾರ್ಡಿನ ಆಫೀಸಿನಿಂದ ಫೋನು ಬಂದಾಗ ಪರದೆಯಮ್ಮ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಊರಾಚೆ ಗಾಡಿಗಳನ್ನು ನಿಲ್ಲಿಸಿಕೊಳ್ಳುವ ಆ ಜಾಗ ಮಾರಾಟವಾಗಿದೆಯಂತೆ. ತಿಂಗಳು ಮುಗಿಯುವುದರೊಳಗೆ ಎಲ್ಲರೂ ತಮ್ಮ ತಮ್ಮ ಗಾಡಿಯನ್ನು ತೆಗೆದುಕೊಂಡು ಹೋಗಬೇಕು, ಇಲ್ಲದಿದ್ದರೆ ಹೊಸ ಮಾಲೀಕರು ಎಳೆಸಿ ರಸ್ತೆಗೆ ಹಾಕಿಸುತ್ತಾರೆ ಎಂದು ಆಫೀಸಿನವಳು ಒಂದೇ ಉಸಿರಿಗೆ ಹೇಳಿ ಫೋನಿಟ್ಟಳು.

ಮನೆಮನೆಗೆ ಪರದೆ ಹೊಲಿದುಕೊಟ್ಟೇ ಆಕೆಗೆ ಆ ಹೆಸರು ಬಂದದ್ದು. ಕಟ್ಟಡದ ಮಕ್ಕಳಿಂದ ಹಿಡಿದು ಸ್ವಂತ ತಮ್ಮನವರೆಗೆ ಎಲ್ಲರ ಬಾಯಲ್ಲೂ ಪರದೆಯಮ್ಮ. ಗಂಡ ಲಿಫ್ಟ್ ರಿಪೇರಿಯವನು. ಬೇರೆಯವರನ್ನು ಮೇಲಕ್ಕೂ ಕೆಳಕ್ಕೂ ಕಳಿಸುತ್ತ ಆಯುಸ್ಸು ಕಳೆದವನು, ತಾನು ಮಾತ್ರ ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ ಮನೆ ಮಾಡಿದ್ದ. ಕೆಲಸದಿಂದ ನಿವೃತ್ತನಾದ ವರ್ಷ ಇಬ್ಬರೂ ಸೇರಿ ಆ ಮನೆಗಾಡಿಯನ್ನು ಕೊಂಡಿದ್ದರು. ಒಳಗೆ ಹಾಸಿಗೆ, ಒಲೆ, ಸಿಂಕು, ಒಬ್ಬರು ಒತ್ತಿಕೊಂಡು ನಿಲ್ಲಬಹುದಾದ ಬಚ್ಚಲು, ಎಲ್ಲ ಇದ್ದ ಉದ್ದನೆಯ ವ್ಯಾನು. ಯಾರೋ ಬಳಸಿ ಬಿಟ್ಟದ್ದು. ಪರದೆಯಮ್ಮ ಅದರ ಕಿಟಕಿಗಳಿಗೆಲ್ಲ ಹಸಿರು ಪರದೆ ಹೊಲಿದಳು, ಸೀಟುಗಳಿಗೆ ಹೊಸ ಬಟ್ಟೆ ಹಾಕಿದಳು. ಇನ್ನು ಮೇಲೆ ವರ್ಷದಲ್ಲಿ ಆರು ತಿಂಗಳು ರಸ್ತೆಯ ಮೇಲೇ ಎಂದು ನೆಂಟರಿಗೆಲ್ಲ ಹೇಳಿಕೊಂಡು ಬಂದರು.

ಹೋದದ್ದು ಒಂದೇ ಸಲ. ಅಂದುಕೊಂಡ ಅರ್ಧ ದಾರಿಗೇ ವಾಪಸಾದರು. ಗಂಡನಿಗೆ ಬೆನ್ನುನೋವು ಬಂತು ಎಂದು ಎಲ್ಲರಿಗೂ ಹೇಳಿದರು. ಬೆನ್ನು ಚೆನ್ನಾಗಿಯೇ ಇತ್ತು. ಮನೆಯಲ್ಲಾದರೆ ಮಾತಿಗೆ ಮಾತು ಬೆಳೆದಾಗ ಒಬ್ಬರು ಅಡುಗೆಮನೆಗೆ, ಇನ್ನೊಬ್ಬರು ಬಾಲ್ಕನಿಗೆ ಹೋಗಬಹುದಿತ್ತು. ಗಾಡಿಯಲ್ಲಿ ಎಲ್ಲಿಗೆ ಹೋಗುವುದು? ನಕ್ಷೆ ನೋಡುವುದರಲ್ಲಿ ಶುರುವಾದ ಜಗಳ ಚಹಾದ ಸಕ್ಕರೆಗೆ ಬಂತು, ಅಲ್ಲಿಂದ ಅವನ ಅಕ್ಕನಿಗೆ, ಅಲ್ಲಿಂದ ಮದುವೆಯಾದ ಹೊಸದರ ಯಾವುದೋ ಮಾತಿಗೆ. ಕೊನೆಕೊನೆಗೆ ಜಗಳವೂ ನಿಂತು ವೈಪರಿನ ಸದ್ದು ಮಾತ್ರ ಉಳಿದಿತ್ತು.

ಗಾಡಿ ಯಾರ್ಡು ಸೇರಿತು. ಮುಂದಿನ ಬೇಸಿಗೆಗೆ ಹೋಗೋಣ ಎಂಬ ಮಾತು ಮಾತ್ರ ಉಳಿಯಿತು. ನಿಂತ ಗಾಡಿಯ ಬ್ಯಾಟರಿ ತಾನಾಗಿಯೇ ಇಳಿದುಹೋಗುತ್ತದೆ, ವಾರಕ್ಕೊಮ್ಮೆಯಾದರೂ ಎಂಜಿನ್ ಓಡಿಸಬೇಕು ಎಂದು ಗಂಡ ಪ್ರತಿ ಶನಿವಾರ ಊಟ ಮುಗಿಸಿ ಹೊರಡುತ್ತಿದ್ದ. ಕತ್ತಲಾಗುವ ಮುಂಚೆ ಬರುತ್ತಿದ್ದ. ಬಂದವನೇ ಸಿಂಕಿನ ಮುಂದೆ ನಿಂತು ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆಯುತ್ತಿದ್ದ. ಗ್ರೀಸು ಒಳ್ಳೆಯ ಟವೆಲಿಗೆ ಹತ್ತದಿರಲಿ ಎಂದು ಪರದೆಯಮ್ಮ ಹಳೆಯದೊಂದನ್ನು ಅದಕ್ಕೆಂದೇ ತೆಗೆದಿಟ್ಟಿದ್ದಳು. "ಇವತ್ತು ಒಂದೇ ಸೆಲ್ಫ್‌ಗೆ ಹಿಡೀತು ಕಣೆ," ಎನ್ನುತ್ತಿದ್ದ. ಒಮ್ಮೊಮ್ಮೆ, "ಫ್ರಿಜ್ ಬಾಗಿಲಿಗೆ ಒಂದು ಮರದ ಚಕ್ಕೆ ಕೊಟ್ಟು ಬಂದಿದ್ದೀನಿ, ಗಾಳಿಯಾಡ್ಲಿ," ಎನ್ನುತ್ತಿದ್ದ.

ಫೋನು ಬಂದ ಹೊತ್ತಿಗೆ ಅವನು ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡು, ಪ್ಲಾಸ್ಟರು ಹಾಕಿಸಿಕೊಂಡು ಮನೆಯಲ್ಲೇ ಕೂತಿದ್ದ. ವಿಷಯ ಕೇಳಿ ಮುಖ ಸಣ್ಣದು ಮಾಡಿದ.

"ನಾನು ಎದ್ದು ಓಡಾಡೋ ಹಾಗಾಗ್ಲಿ, ನಾನೇ ತರ್ತೀನಿ. ನೀನು ಹೋಗ್ಬೇಡ."

"ನೀವು ಏಳೋ ಹೊತ್ತಿಗೆ ಗಾಡಿ ಚರಂಡೀಲಿರುತ್ತೆ. ನನ್ನ ತಮ್ಮನ್ನ ಕರ್ಕೊಂಡು ಹೋಗ್ತೀನಿ ಬಿಡಿ."

"ಅವನಿಗೆ ಅದರ ಕ್ಲಚ್ಚು ಗೊತ್ತಾಗಲ್ಲ."

"ಹಗಲೂ ರಾತ್ರಿ ಟ್ಯಾಕ್ಸಿ ಓಡಿಸೋನಿಗೆ ಕ್ಲಚ್ಚು ಗೊತ್ತಾಗಲ್ವಾ?"

ಅವನು ಪ್ಲಾಸ್ಟರಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತ.

ಯಾರ್ಡು ಎಂದರೆ ಎತ್ತರದ ಗೋಡೆಯ ಒಳಗೆ ಜಲ್ಲಿ ಹಾಕಿದ ಬಯಲು. ಟಾರ್ಪಾಲು ಹೊದ್ದ ದೋಣಿಗಳು, ಐಸ್‌ಕ್ರೀಮ್ ಮಾರುವ ವ್ಯಾನು, ಚಕ್ರ ಕಳಚಿದ ಒಂದು ಬಸ್ಸು. ಮನೆಗಾಡಿ ಕೊನೆಯ ಸಾಲಿನಲ್ಲಿತ್ತು. ದೂರದಿಂದ ಪರದೆಯಮ್ಮನಿಗೆ ಅದು ತಮ್ಮದು ಎಂದೇ ಅನಿಸಲಿಲ್ಲ. ಬಿಳಿಯ ಮೈ ಪಾಚಿಗಟ್ಟಿ ಹಸಿರಾಗಿತ್ತು. ಟೈರುಗಳು ಕೆಳಗೆ ಕುಸಿದಿದ್ದವು. ಚಕ್ರಗಳ ಸುತ್ತ ಹುಲ್ಲು ಹುಟ್ಟಿ, ಬೆಳೆದು, ಒಣಗಿ, ಮತ್ತೆ ಹುಟ್ಟಿತ್ತು.

"ಭಾವ ಬಂದು ಹೋಗ್ತಾರೆ ಅಂದ್ಯಲ್ಲಕ್ಕ?" ಎಂದ ತಮ್ಮ.

"ಕಾಲು ಮುರಿದ ಮೇಲೆ ಬಂದಿಲ್ವಲ್ಲೋ. ಮಳೆ ಬೇರೆ ಹೊಯ್ತು."

ಕಾಲು ಮುರಿದು ಇನ್ನೂ ಎರಡು ವಾರವಾಗಿರಲಿಲ್ಲ. ಹೇಳುವಾಗಲೇ ಅದು ಅವಳಿಗೆ ನೆನಪಾಯಿತು.

ರಿಮೋಟು ಒತ್ತಿದರೆ ಗಾಡಿ ಕಮಕ್ ಕಿಮಕ್ ಅನ್ನಲಿಲ್ಲ. ಬೀಗದ ತೂತಿಗೆ ಕೀಲಿ ಹಾಕಿ, ಎಣ್ಣೆ ಬಿಟ್ಟು, ಎರಡೂ ಕೈಯಲ್ಲಿ ತಮ್ಮ ತಿರುಗಿಸಿದ ಮೇಲೆ ಡ್ರೈವರ್ ಕಡೆಯ ಬಾಗಿಲು ತೆರೆಯಿತು. ಬಾಗಿಲ ಸಂದಿಯಲ್ಲಿ ಕೊಳೆತು ಅಂಟಿಕೊಂಡಿದ್ದ ಎಲೆಗಳು ಹಕ್ಕಳೆಯಂತೆ ಎದ್ದು ಬಂದವು. ತಮ್ಮ ಸೆಲ್ಫ್ ಹೊಡೆದ. ಟಿಕ್ ಎನ್ನುವ ಸದ್ದೂ ಬರಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪವೂ ಮಿಣುಕಲಿಲ್ಲ.

ಅವನು ತನ್ನ ಟ್ಯಾಕ್ಸಿಯನ್ನು ಮೂತಿಗೆ ಮೂತಿ ತಾಗುವ ಹಾಗೆ ತಂದು ನಿಲ್ಲಿಸಿ, ಡಿಕ್ಕಿಯಿಂದ ಜಂಪರ್ ಕೇಬಲ್ ತೆಗೆದ. ಕೆಂಪು ತಂತಿಯನ್ನು ಪ್ಲಸ್ಸಿಗೆ ಕಚ್ಚಿಸಲು ಹೋದರೆ ಅಲ್ಲಿ ಕಚ್ಚಿಕೊಳ್ಳಲು ಏನೂ ಇರಲಿಲ್ಲ. ಬ್ಯಾಟರಿಯ ಎರಡೂ ಟರ್ಮಿನಲ್ಲು ಬಿಳಿ ಪುಡಿಯಲ್ಲಿ ಹೂತುಹೋಗಿದ್ದವು. ತಂತಿ ಬ್ರಷ್ಷಿನಿಂದ ಉಜ್ಜಿ, ಬಿಸಿನೀರು ಸುರಿದು ಲೋಹ ಕಾಣಿಸಿದ ಮೇಲೆ ಕೇಬಲ್ ಹಾಕಿ, ಟ್ಯಾಕ್ಸಿಯ ಎಂಜಿನ್ ಓಡಲು ಬಿಟ್ಟು ಕಾದರು. ಮನೆಗಾಡಿ ಒಂದು ಸಲ ನರಳಿ ಸುಮ್ಮನಾಯಿತು.

ಗೇಟಿನ ಹತ್ತಿರದ ಶೆಡ್ಡಿನಿಂದ ಮೆಕ್ಯಾನಿಕ್ಕನನ್ನು ಕರೆತಂದದ್ದು ಆಮೇಲೆ. ಅವನು ಮೀಟರು ಇಟ್ಟು ನೋಡಿ ತಲೆಯಾಡಿಸಿದ.

"ಇದು ಜಗ್ಗಲ್ಲ ಅಮ್ಮಾ. ಒಳಗೆ ಪ್ಲೇಟೆಲ್ಲ ಗಟ್ಟಿಯಾಗಿಬಿಟ್ಟಿದೆ. ಒಳಗಿನ ದೀಪ, ಫ್ರಿಜ್ಜಿಗೆ ಇದೆಯಲ್ಲ ಇನ್ನೊಂದು ಬ್ಯಾಟರಿ, ಅದೂ ಹೊಟ್ಟೆ ಉಬ್ಬಿಸ್ಕೊಂಡು ಕೂತಿದೆ. ಎರಡೂ ಹೊಸದೇ ಹಾಕ್ಬೇಕು."

"ಹದಿನೈದು ದಿನಕ್ಕೆ ಹೀಗಾಗುತ್ತಾ?"

"ಹದಿನೈದು ದಿನಾನಾ? ವರ್ಷದ ಮೇಲಾಗಿದೆ ಇದನ್ನ ಯಾರಾದ್ರೂ ಮುಟ್ಟಿ."

"ನಮ್ಮೆಜಮಾನ್ರು ಪ್ರತಿ ಶನಿವಾರ ಬಂದು ಸ್ಟಾರ್ಟ್ ಮಾಡ್ತಾರೆ," ಎಂದಳು ಪರದೆಯಮ್ಮ.

ಮೆಕ್ಯಾನಿಕ್ ತಮ್ಮನ ಮುಖ ನೋಡಿದ. ತಮ್ಮ ನೆಲ ನೋಡಿದ. "ಹಾಗಾದ್ರೆ ಬೇರೆ ಗಾಡಿ ಸ್ಟಾರ್ಟ್ ಮಾಡಿರ್ಬೇಕು," ಎಂದು ಮೆಕ್ಯಾನಿಕ್ ನಗಲು ಹೋಗಿ, ಅವಳ ಮುಖ ಕಂಡು ಅರ್ಧಕ್ಕೇ ನಿಲ್ಲಿಸಿದ. ಬ್ಯಾಟರಿ ತರುತ್ತೇನೆ ಎಂದು ಹೊರಟುಹೋದ.

ಅವಳು ಹಿಂದಿನ ಬಾಗಿಲಿನಿಂದ ಗಾಡಿಯ ಒಳಗೆ ಹತ್ತಿದಳು. ಮುಗ್ಗಲು ವಾಸನೆ ಗಪ್ಪೆಂದು ಬಡಿಯಿತು. ಹಸಿರು ಪರದೆಗಳು ಬಿಸಿಲಿಗೆ ಬೆಳ್ಳಗಾಗಿ, ಮಡಿಕೆಯ ಒಳಭಾಗದಲ್ಲಿ ಮಾತ್ರ ಬಣ್ಣ ಉಳಿಸಿಕೊಂಡಿದ್ದವು. ಫ್ರಿಜ್ಜಿನ ಬಾಗಿಲು ಮುಚ್ಚಿತ್ತು. ಮರದ ಚಕ್ಕೆಯೂ ಇಲ್ಲ, ಗಿಕ್ಕೆಯೂ ಇಲ್ಲ. ತೆರೆದು ನೋಡಿದರೆ ಒಳಗಿನ ಗೋಡೆಯ ತುಂಬ ಕಪ್ಪು ಬೂಷ್ಟು. ಅವಳು ಅದನ್ನು ನೋಡುತ್ತ ಬಹಳ ಹೊತ್ತು ಬಗ್ಗಿಯೇ ನಿಂತಿದ್ದಳು. ಸುಳ್ಳು ಹೇಳುವವನು ಬ್ಯಾಟರಿಯ ವಿಷಯ ಹೇಳಿದ್ದರೆ ಸಾಕಾಗಿತ್ತು. ಚಕ್ಕೆಯನ್ನು ಯಾಕೆ ಸೇರಿಸಿದ?

ಬಾಗಿಲಲ್ಲಿ ತಮ್ಮ ಇಣುಕಿದ. "ಅಕ್ಕ, ಸುಮ್ನೆ ಏನೇನೋ ಯೋಚನೆ ಮಾಡ್ಬೇಡ. ಈ ವಯಸ್ಸಲ್ಲಿ ಭಾವಂಗೆ ಯಾರು ಸಿಗ್ತಾರೆ?"

"ನಾನೇನಾದ್ರೂ ಅಂದ್ನೇನೋ?"

ಅವಳು ಅಂದಿರಲಿಲ್ಲ. ಆದರೆ ಅಷ್ಟರಲ್ಲೇ ಆ ಇನ್ನೊಬ್ಬಳಿಗೆ ಮುಖ, ಮನೆ, ಸೀರೆ ಎಲ್ಲ ಕೊಟ್ಟಾಗಿತ್ತು. ಅವಳ ಕಿಟಕಿಗೆ ಪರದೆಯನ್ನೂ ಅಳೆದಾಗಿತ್ತು.

ಹೊಸ ಬ್ಯಾಟರಿ ಕೂರಿಸಿ, ಟೈರಿಗೆ ಗಾಳಿ ತುಂಬಿಸಿ, ಹಳೆಯ ಡೀಸೆಲ್ ಬಸಿದು ಬೇರೆ ಹಾಕಿದ ಮೇಲೆ ಗಾಡಿ ಕೆಮ್ಮಿ, ಕರಿಹೊಗೆ ಕಾರಿ, ಹಿಡಿದುಕೊಂಡಿತು. ಮೆಕ್ಯಾನಿಕ್ ಮತ್ತು ತಮ್ಮ ಇಬ್ಬರೂ ಚಪ್ಪಾಳೆ ಹೊಡೆದರು. ಪರದೆಯಮ್ಮ ಪಕ್ಕದ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಪರದೆಯ ಮಾಸಿದ ಅಂಚನ್ನು ಮಡಿಚಿ ಬಿಡಿಸುತ್ತ ಬಂದಳು. ಗಾಡಿಯನ್ನು ಕಟ್ಟಡದ ಹಿಂದಿನ ಖಾಲಿ ಜಾಗದಲ್ಲಿ ನಿಲ್ಲಿಸಿದ ತಮ್ಮ, ಟ್ಯಾಕ್ಸಿ ಯಾರ್ಡಿನಲ್ಲೇ ಇದೆ ಎಂದು ಮನೆಗೆ ಬರದೆ ಜಾರಿಕೊಂಡ.

ಗಂಡ ಕಿಟಕಿಯ ಹತ್ತಿರದ ಕುರ್ಚಿಯಲ್ಲಿದ್ದ. ಗಾಡಿ ಬಂದದ್ದನ್ನು ನೋಡಿದ್ದ. ಅವಳು ಚಪ್ಪಲಿ ಬಿಡದೆ ಅವನೆದುರು ನಿಂತಳು.

"ಇಷ್ಟು ದಿನ ಸಿಂಕಿನಲ್ಲಿ ಏನನ್ನ ತೊಳೀತಿದ್ರಿ?"

ಅವನು ಅಂಗೈ ಮಗುಚಿ ನೋಡಿಕೊಂಡ.

"ಯಾರವಳು?"

ಅದಕ್ಕೆ ಅವನು ನಿಜವಾಗಿ ಬೆಚ್ಚಿದ. "ಯಾರೂ ಇಲ್ಲ ಕಣೆ. ಥೂ, ಏನಂತ ಮಾತಾಡ್ತೀಯ?"

"ಮತ್ತೆಲ್ಲಿಗೆ ಹೋಗ್ತಿದ್ರಿ?"

"ಸ್ಟೇಷನ್ನಿಗೆ."

"ಯಾವ ಸ್ಟೇಷನ್ನು?"

"ರೈಲ್ವೆ ಸ್ಟೇಷನ್ನು. ಒಳಗೆ ಬೆಂಚಿದೆ. ಅಲ್ಲಿ ಕೂತಿರ್ತಿದ್ದೆ."

"ಯಾರಿಗೆ ಕಾಯೋಕೆ?"

"ಯಾರಿಗೂ ಇಲ್ಲ. ಸುಮ್ನೆ." ಅವನು ಕಿಟಕಿಯಿಂದ ಕೆಳಗಿನ ಗಾಡಿಯ ಕಡೆ ನೋಡಿದ. "ಮೊದಲು ಕೆಲವು ಸಲ ಯಾರ್ಡಿಗೇ ಹೋದೆ. ಆ ಗಾಡಿ ಒಳಗೆ ಕೂತ್ರೆ ಆ ಪ್ರಯಾಣವೇ ನೆನಪಾಗ್ತಿತ್ತು. ಆಮೇಲೆ ಬಸ್ಸಿಂದ ಸ್ಟೇಷನ್ ಹತ್ರಾನೇ ಇಳಿಯೋಕೆ ಶುರು ಮಾಡ್ದೆ. ಅಲ್ಲಿ ಯಾರೂ ನನ್ನ ಏನೂ ಕೇಳಲ್ಲ. ಯಾಕೆ ಕೂತಿದ್ದೀಯ ಅನ್ನಲ್ಲ, ಯಾಕೆ ಎದ್ದೆ ಅನ್ನಲ್ಲ."

ಪರದೆಯಮ್ಮ ಚಪ್ಪಲಿ ಬಿಟ್ಟು ಕೂತಳು. ಇನ್ನೊಬ್ಬಳಿದ್ದಿದ್ದರೆ ಹೋಗಿ ಅವಳ ಬಾಗಿಲು ಬಡಿಯಬಹುದಿತ್ತು, ಬೀದಿಗೆ ಕೇಳುವ ಹಾಗೆ ಬೈಯಬಹುದಿತ್ತು. ಬೆಂಚಿಗೆ ಏನಂತ ಬೈಯುವುದು?

"ನನ್ನ ಹತ್ರ ಇರೋದು ಅಷ್ಟು ಬೇಡವಾಗಿತ್ತಾ ನಿಮಗೆ?"

ಅವನು ಅಲ್ಲಿಯವರೆಗೆ ತಪ್ಪಿತಸ್ಥನಂತೆ ಕೂತಿದ್ದವನು, ಈಗ ತಲೆಯೆತ್ತಿದ.

"ನಿನಗೆ ಬೇಕಾಗಿತ್ತಾ? ಒಂದು ಸಲ ಕೊಡೆ ಮರೆತು ವಾಪಸ್ ಮೆಟ್ಟಿಲು ಹತ್ತಿ ಬಂದೆ. ನಾನು ಹೋಗಿ ಐದು ನಿಮಿಷ ಆಗಿರ್ಲಿಲ್ಲ. ಒಳಗೆ ರೇಡಿಯೊ ಜೋರಾಗಿ ಹಾಡ್ತಿತ್ತು, ನೀನೂ ಹಾಡ್ತಿದ್ದೆ. ನಾನಿರುವಾಗ ಯಾವತ್ತು ಹಾಡಿದ್ದೀಯ ನೀನು? ಬಾಗಿಲು ತಟ್ಟೋಕೆ ಮನಸ್ಸಾಗ್ಲಿಲ್ಲ. ಮಳೇಲಿ ನೆನ್ಕೊಂಡೇ ಹೋದೆ."

ಅವಳು ಸುಳ್ಳು ಎನ್ನಲು ಬಾಯಿ ತೆರೆದಳು. ಶನಿವಾರ ಮಧ್ಯಾಹ್ನ ಅವನ ಹೆಜ್ಜೆಯ ಸದ್ದು ಕೆಳಗಿನ ಮಹಡಿ ದಾಟಿದ ಕೂಡಲೇ ಮೈಯೆಲ್ಲ ಹಗುರಾಗುತ್ತಿದ್ದುದು, ತನಗಿಷ್ಟವಾದ ಹಾಗೆ ಬಟ್ಟೆ ಹರವಿಕೊಂಡು ನೆಲದ ಮೇಲೆಯೇ ಮಲಗುತ್ತಿದ್ದುದು, ಅವನು ಬರುವ ಹೊತ್ತಾಯಿತೆಂದು ಎಲ್ಲವನ್ನೂ ಮಡಿಚಿಡುವಾಗ ಬರುತ್ತಿದ್ದ ಬೇಸರ, ಎಲ್ಲ ಅವಳ ಎದುರಿಗೇ ಬಂದು ನಿಂತವು. ತೆರೆದ ಬಾಯನ್ನು ಮುಚ್ಚಿಕೊಂಡಳು. ಆದರೂ ಕೋಪ ಇಳಿಯಲಿಲ್ಲ. ತಾನು ಹಾಡಿಕೊಂಡದ್ದು ತನ್ನ ಮನೆಯೊಳಗೆ, ಅವನು ಬಂದರೆ ಬಾಗಿಲು ತೆರೆಯುತ್ತಿದ್ದಳು. ಇವನು ಪ್ರತಿ ವಾರ ನಾಟಕ ಕಟ್ಟಿ, ಇಲ್ಲದ ಗ್ರೀಸನ್ನು ತೊಳೆದು, ಅದಕ್ಕೆ ಅವಳ ಕೈಯಿಂದಲೇ ಟವೆಲು ಹಿಡಿಸಿದ್ದ.

"ಹೇಳಬಹುದಿತ್ತಲ್ಲ, ಸ್ವಲ್ಪ ಹೊತ್ತು ಹೊರಗೆ ಹೋಗಿ ಬರ್ತೀನಿ ಅಂತ."

"ಹೇಳಿದ್ರೆ ಎಲ್ಲಿಗೆ, ಯಾಕೆ ಅಂತ ನೀನು ಕೇಳ್ತಿರ್ಲಿಲ್ವಾ?"

ಕೇಳುತ್ತಿದ್ದಳು. ಅದೂ ಅವಳಿಗೆ ಗೊತ್ತಿತ್ತು.

ಆ ಸಂಜೆ ಅವನಿಗೆ ಊಟ ಬಡಿಸಿ, ನೀರು ಕೈಗೆಟುಕುವ ಹಾಗಿಟ್ಟು, ಒಂದು ದಿಂಬು, ಒಂದು ಹೊದಿಕೆ ಎತ್ತಿಕೊಂಡು ಕೆಳಗಿಳಿದಳು. ಗಾಡಿಯ ಫ್ರಿಜ್ಜನ್ನು ವಿನೆಗರು ಹಾಕಿ ಉಜ್ಜಿದಳು. ಹಾಸಿಗೆಯನ್ನು ಕೊಡವಿದಳು. ಇಬ್ಬರಿದ್ದಾಗ ಮೊಣಕೈಗೆ ಮೊಣಕೈ ತಾಗುತ್ತಿದ್ದ ಜಾಗದಲ್ಲಿ ಒಬ್ಬಳಿಗೆ ಬೇಕಾದಷ್ಟು ಜಾಗವಿತ್ತು. ಒಂದು ರಾತ್ರಿಗೆಂದು ಹೋದವಳು ಮಾರನೆಯ ದಿನವೂ ಅಲ್ಲೇ ಮಲಗಿದಳು. ವಾರದೊಳಗೆ ಹೊಲಿಗೆ ಯಂತ್ರವೂ ಇಳಿಯಿತು. ಕಟ್ಟಡದವರು ಕೇಳಿದರೆ, "ಮೇಲೆ ಬೆಳಕು ಸಾಲ್ದು, ಕಣ್ಣಿಗೆ ತೊಂದ್ರೆ," ಎಂದಳು. ಹೊತ್ತು ಹೊತ್ತಿಗೆ ಮೇಲೆ ಹೋಗಿ ಅಡುಗೆ ಮಾಡಿ, ಅವನ ಕಾಲನ್ನು ದಿಂಬಿನ ಮೇಲಿಟ್ಟು, ಬೇಕಾದದ್ದು ಕೇಳಿ ಇಳಿದು ಬರುತ್ತಿದ್ದಳು. ಎಲ್ಲಿಗೆ, ಯಾಕೆ ಎಂದು ಇಬ್ಬರೂ ಕೇಳಲಿಲ್ಲ. ಇಷ್ಟು ವರ್ಷದಲ್ಲಿ ಅವರಿಬ್ಬರು ಅಷ್ಟು ಮರ್ಯಾದೆಯಿಂದ ಮಾತಾಡಿಕೊಂಡದ್ದೇ ಇಲ್ಲ. ಆ ಮರ್ಯಾದೆಗಿಂತ ಹಳೆಯ ಜಗಳವೇ ಮೇಲಿತ್ತು ಎಂದು ಅವಳಿಗೆ ಒಮ್ಮೊಮ್ಮೆ ಅನಿಸುತ್ತಿತ್ತು.

ಪ್ಲಾಸ್ಟರು ಬಿಚ್ಚಿದ ಮೇಲೆ ಒಂದು ದಿನ ಅವನು ಕೋಲೂರಿಕೊಂಡು ಇಳಿದು ಬಂದ. ಗಾಡಿಯ ಬಾಗಿಲನ್ನು ಬೆರಳ ಗೆಣ್ಣಿನಿಂದ ತಟ್ಟಿದ, ಬೇರೆಯವರ ಮನೆಗೆ ಬಂದವನ ಹಾಗೆ. ಅವಳು ತೆರೆದಳು. ಸೀಟಿನ ಮೇಲೆ ಹರವಿದ್ದ ಬಟ್ಟೆ ಸರಿಸಿ ಜಾಗ ಮಾಡಿದಳು, ಚಹಾ ಕೊಟ್ಟಳು. ಅವನು ಸುತ್ತ ನೋಡಿದ.

"ಚೆನ್ನಾಗಿ ಮಾಡ್ಕೊಂಡಿದ್ದೀಯ."

"ಹ್ಞೂಂ."

"ಮೇಲೆ ಬರೋ ಯೋಚನೆ ಇದ್ಯಾ?"

ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ಎರಡು ಸಲ ತಪ್ಪಿತು. "ಅಡುಗೆಗೆ ಬರ್ತೀನಲ್ಲ," ಎಂದಳು.

"ಅಡುಗೆ ನಾನೇ ಕಲೀತೀನಿ ಬಿಡು. ದಿನಾ ಹತ್ತಿ ಇಳಿದು ನಿನಗೂ ಮಂಡಿ ನೋವು."

ಒಳ್ಳೆಯ ಮನಸ್ಸಿನಿಂದಲೇ ಹೇಳಿದನೋ, ಇದ್ದ ಅಷ್ಟು ಓಡಾಟವೂ ಬೇಡವೆಂದು ಹೇಳಿದನೋ ಅವಳಿಗೆ ತಿಳಿಯಲಿಲ್ಲ. ಕೇಳಲೂ ಇಲ್ಲ. ಅವನು ಲೋಟ ಕೆಳಗಿಟ್ಟು, ಕೋಲು ಹುಡುಕಿಕೊಂಡು, ಒಂದು ಕಾಲನ್ನು ಮೊದಲಿಟ್ಟು ಜಾಗ್ರತೆಯಾಗಿ ಇಳಿದ. ಹಿಡಿದುಕೊಳ್ಳಲು ಅವಳು ಅರ್ಧ ಎದ್ದವಳು, ಅವನು ಇಳಿದುಕೊಂಡದ್ದು ಕಂಡು ಮತ್ತೆ ಕೂತಳು.